ಉಪ್ಪುನೆಲದ ಚಿತ್ರವೂ ಬೆಳಕಿನ ನಡೆಯೂ

ಸಂಪಾಜೆಯಲ್ಲಿ ಸೂರ್ಯೋದಯವು ಪಂಚಾಂಗ ಹೇಳಿದ ಹೊತ್ತಿಗೆ ಆಗುವುದಿಲ್ಲ. ಮಡಿಕೇರಿಯ ಕಡೆಯ ಘಟ್ಟವು ಮೂಡಣ ದಿಕ್ಕನ್ನೆಲ್ಲ ಮರೆಮಾಡಿ ನಿಂತಿರುವುದರಿಂದ, ಆಕಾಶ ಬೆಳಗಾಗಿ ಎಷ್ಟೋ ಹೊತ್ತಾದ ಮೇಲೆ ಬಿಸಿಲು ಮೊದಲು ಅಡಕೆಮರಗಳ ತಲೆಯನ್ನು ಮುಟ್ಟಿ, ಅನಂತರ ಕಾಂಡಗಳ ಗುಂಟ ನಿಧಾನವಾಗಿ ಇಳಿದು, ಕಟ್ಟಕಡೆಗೆ ಪಯಸ್ವಿನಿಯ ಬಂಡೆಗಳನ್ನು ತಲಪುತ್ತದೆ. ಇಲ್ಲಿ ಕುಂಚ ಹಿಡಿದು ಕುಳಿತವನಿಗೆ ಬೆಳಕೆಂದರೆ ಮೇಲಿನಿಂದ ಇಳಿದು ಬರುವಂಥದು. ದಿಗಂತದ ಪರಿಚಯ ಅವನಿಗಿಲ್ಲ. ಅದೇ ಹೊಳೆಯ ಜೊತೆಗೆ ಸುಳ್ಯವನ್ನು ದಾಟಿ, ಅದು ಚಂದ್ರಗಿರಿಯೆಂಬ ಹೆಸರನ್ನು ತಳೆದು ಕಾಸರಗೋಡಿನ ಬಳಿ ಕಡಲನ್ನು ಸೇರುವ ಅಳಿವೆಯವರೆಗೆ ಹೋದನಾದರೆ, ಬೆಳಕು ಅಡ್ಡಲಾಗಿ ನೀರಿನ ಮೇಲೆ ಹರಿದುಬರುವುದನ್ನು ಕಂಡು, ತಾನು ಕಲಿತ ವರ್ಣವಿದ್ಯೆಯನ್ನು ಮೊದಲಿನಿಂದ ಕಲಿಯಬೇಕಾಗುವುದು.

ಉಪ್ಪುಜೌಗು ಎಂದೊಡನೆ ಪಾಶ್ಚಾತ್ಯ ಚಿತ್ರಗಳಲ್ಲಿ ಕಾಣುವುದು ಶೀತವಲಯದ ಹುಲ್ಲುಬಯಲು. ನಮ್ಮ ಕರಾವಳಿಯ ಉಪ್ಪುನೆಲದ ರೂಪವೇ ಬೇರೆ. ಅದನ್ನು ಮನದಣಿಯೆ ನೋಡಬೇಕೆಂದರೆ ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಗೆ ಹೋಗಬೇಕು. ಅಲ್ಲಿ ನದಿಯ ಇಕ್ಕೆಲಗಳಲ್ಲಿ ಕಾಂಡ್ಲಾಗಿಡಗಳ ಹಸಿರಂಚು. ಅದರ ಹಿಂದೆ ಒಡ್ಡು ಕಟ್ಟಿ ಕಡಲನೀರನ್ನು ತಡೆದು ಮಾಡಿದ ಗಜನಿ ಗದ್ದೆ. ಮಳೆಗಾಲದಲ್ಲಿ ನೆಲದ ಉಪ್ಪು ತೊಳೆದುಹೋದಾಗ ಉಪ್ಪನ್ನು ಸಹಿಸಬಲ್ಲ ಕಗ್ಗ ಭತ್ತ ಬೆಳೆಯುವ ಆ ಗದ್ದೆಗಳಲ್ಲೇ, ಕೊಯ್ಲು ಮುಗಿದ ಮೇಲೆ ಮತ್ತೆ ಉಪ್ಪುನೀರು ನುಗ್ಗಿ ಸಿಗಡಿ ಮೀನುಗಳು ಆಡುತ್ತವೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಬೇಸಗೆಯ ಬಿಸಿಲಿಗೆ ಮಡಿಮಡಿಯಾಗಿ ಉಪ್ಪು ಬೆಳೆಯುತ್ತದೆ. ಒಂದೇ ನೆಲವು ವರ್ಷದೊಳಗೆ ಹಸಿರಾಗಿ, ಹೊಂಬಣ್ಣವಾಗಿ, ಕನ್ನಡಿಯಾಗಿ ಮಾರ್ಪಡುವುದನ್ನು ಕಂಡ ಚಿತ್ರಕಾರನು ಇನ್ನೆಲ್ಲಿಗೂ ಹೋಗಬೇಕಾದುದಿಲ್ಲವೆಂದು ನನಗೆ ತೋರುತ್ತದೆ. 2024ರಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಚಿತ್ರಗಳನ್ನು ಬರೆಯುವ ಕೆಲಸ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಇಂಥ ಒಡ್ಡಿನ ಮೇಲೆ ನಿಂತು ಕಾಲಬುಡದ ನೀರನ್ನು ನೋಡಿರಿ: ತಳದ ಕೆಸರಿನ ಕಂದು, ಏಡಿಯ ಬಿಲ, ಕೊಳೆತ ಎಲೆ, ಎಲ್ಲವೂ ಕಾಣುವುವು. ದೃಷ್ಟಿಯನ್ನು ಮೆಲ್ಲಗೆ ದೂರಕ್ಕೆ ಸರಿಸಿದಂತೆ ತಳವು ಮಾಯವಾಗುತ್ತ ಬಂದು, ಆಚೆಯ ನೀರು ಪೂರ್ತಿಯಾಗಿ ಆಕಾಶವೇ ಆಗಿಬಿಡುತ್ತದೆ. ನೋಟವು ಓರೆಯಾದಷ್ಟೂ ನೀರಿನ ಮೇಲ್ಮೈ ಹೆಚ್ಚು ಬೆಳಕನ್ನು ಪ್ರತಿಫಲಿಸುವುದೇ ಇದಕ್ಕೆ ಕಾರಣ. ಹೊಸಬರು ನೀರಿಗೆಲ್ಲ ಒಂದೇ ನೀಲಿಯನ್ನು ಬಳಿದು ಕೆಡಿಸುವುದು ಇಲ್ಲಿಯೇ. ಹತ್ತಿರದ ನೀರಿಗೆ ಮಣ್ಣಿನ ಬಣ್ಣ, ದೂರದ ನೀರಿಗೆ ಮುಗಿಲಿನ ಬಣ್ಣ. ಇವೆರಡೂ ಒಂದರೊಳಗೊಂದು ಕರಗುವ ಎಡೆಯಲ್ಲಿ ಬಯಲಿನ ವಿಸ್ತಾರವೆಲ್ಲ ಅಡಗಿದೆ.

ಉಪ್ಪುಜೌಗಿನ ಚಿತ್ರಣಕ್ಕೆ ತನ್ನ ಬಾಳಿನ ಬಹುಭಾಗವನ್ನು ಸಲ್ಲಿಸಿದವನು ಅಮೆರಿಕದ ಚಿತ್ರಕಾರ ಮಾರ್ಟಿನ್ ಜಾನ್ಸನ್ ಹೀಡ್ (1819–1904). ಭರತದ ನೀರು ತಾಗದಂತೆ ಗೂಟಗಳ ಮೇಲೆ ಒಟ್ಟಿದ ಹುಲ್ಲುಬಣವೆಗಳನ್ನೂ ಅವುಗಳ ನಡುವೆ ಬಳುಕಿ ಹರಿಯುವ ಉಪ್ಪುತೋಡುಗಳನ್ನೂ ಆತನು ಬಿಸಿಲಿನಲ್ಲಿ, ಮೋಡದಲ್ಲಿ, ಸಂಜೆಗೆಂಪಿನಲ್ಲಿ ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಬರೆದನು. ಫ್ರಾನ್ಸಿನ ಚಿತ್ರಕಾರ ಮೊನೆ 1890–91ರಲ್ಲಿ ಗದ್ದೆಯ ಬಣವೆಗಳನ್ನು ಹೊತ್ತುಹೊತ್ತಿಗೆ ಬೇರೆಬೇರೆಯಾಗಿ ಬರೆದು ಲೋಕಖ್ಯಾತನಾದುದು ಆಮೇಲಿನ ಮಾತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬವನು ಬಣ್ಣ ತುಂಬುವ ತವರದ ಕೊಳವೆಯನ್ನು ಕಂಡುಹಿಡಿದ ಮೇಲೆ ತೈಲವರ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾಗಿತ್ತು.

ಜಲವರ್ಣದಲ್ಲಿ ಬೇರೊಂದು ಸೊಗಸುಂಟು. ಕಾಗದದ ಮೇಲೆ ಬಳಿದ ಬಣ್ಣವು ಇನ್ನೂ ಮಿನುಗುತ್ತಿರುವಾಗ ನಾಲ್ಕು ಹರಳು ಉಪ್ಪನ್ನು ಉದುರಿಸಿದರೆ, ಪ್ರತಿಯೊಂದು ಹರಳೂ ಸುತ್ತಲಿನ ನೀರನ್ನೂ ಬಣ್ಣವನ್ನೂ ಹೀರಿ, ಒಣಗಿದ ಮೇಲೆ ಕೊಡವಿದಾಗ ಹಿಮದ ಹೂವಿನಂಥ ಬಿಳಿಯ ಚುಕ್ಕೆಯನ್ನು ಉಳಿಸುತ್ತದೆ. ನೀರು ಹೆಚ್ಚಾದರೆ ಉಪ್ಪು ಕರಗಿಹೋಗುವುದು, ಕಡಿಮೆಯಾದರೆ ಗುರುತೇ ಮೂಡದು. ಸಂಪಾಜೆಯ ಆಷಾಢದಲ್ಲಿ ಕಾಗದವು ಗಂಟೆಗಟ್ಟಲೆ ಒಣಗದೆ ಕಾಡುವುದರಿಂದ ಈ ಹದವನ್ನು ಹಿಡಿಯುವುದು ದೊಡ್ಡ ತಾಳ್ಮೆಯ ಕೆಲಸ. ಆದರೂ ಉಪ್ಪಿನ ನೆಲವನ್ನು ಉಪ್ಪಿನಿಂದಲೇ ಬರೆಯುವ ಆ ಸಂತೋಷಕ್ಕೆ ಸಮನಾದುದು ಇನ್ನೊಂದಿಲ್ಲ.

ಇನ್ನು ಎಲ್ಲಕ್ಕಿಂತ ಕಠಿನವಾದ ಮಾತು. ಘಟ್ಟದ ಬುಡದ ಚಿತ್ರಕಾರನಿಗೆ ಸೂರ್ಯನೆಂಬ ಗಡಿಯಾರವೊಂದಿದ್ದರೆ ಸಾಕು. ಇಂದು ನಾಲ್ಕು ಗಂಟೆಗೆ ಬಿಟ್ಟ ಚಿತ್ರವನ್ನು ನಾಳೆ ನಾಲ್ಕಕ್ಕೆ ಮುಂದುವರಿಸಬಹುದು. ಅಳಿವೆಯಲ್ಲಿ ಚಂದ್ರನೆಂಬ ಎರಡನೆಯ ಗಡಿಯಾರವೂ ನಡೆಯುತ್ತದೆ. ಭರತ ಇಳಿತಗಳು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ, ಇಂದಿನ ಸಂಜೆ ಕೆಸರು ತೆರೆದುಕೊಂಡಿದ್ದ ಕಡೆ ವಾರದ ಮೇಲೆ ಅದೇ ಹೊತ್ತಿಗೆ ನೀರು ತುಂಬಿ ನಿಂತಿರುತ್ತದೆ. ಅದೇ ನೀರೂ ಅದೇ ಹೊತ್ತೂ ಮರಳಿ ಕೂಡಬೇಕಾದರೆ ಒಂದು ಪಕ್ಷ ಕಾಯಬೇಕು. ಹಾಗೆ ಕಾದು ಹದಿನೈದನೆಯ ಸಂಜೆ ಒಡ್ಡಿನ ಮೇಲೆ ಮತ್ತೆ ಹಲಗೆಯನ್ನು ಹೂಡಿ ಕುಳಿತಾಗ, ನೀರು ಅಂದಿನ ಗೆರೆಗೇ ಇಳಿದು ನಿಂತಿರುವುದು; ಆದರೆ ಅದು ಮಾಘ ಫಾಲ್ಗುಣಗಳ ಕಾಲವಾದರೆ ಸೂರ್ಯನು ಮುಳುಗುವ ತಾಣವು ತನ್ನ ಬಿಂಬದ ಸುಮಾರು ಹತ್ತು ಪಟ್ಟು ಉತ್ತರಕ್ಕೆ ಸರಿದು, ಕೆಂಪು ದಾರಿಯು ಬೇರೊಂದು ತೋಡಿನೊಳಗೆ ಹರಿದು ಬರುತ್ತಿರುವುದು.