ಚಪ್ಪಲಿಯ ಜಡೆ, ಗಡಿಯ ಗಂಟು

ಆನ್‌ಲೈನ್ ಅಂಗಡಿಗಳಲ್ಲಿ ಕೊಲ್ಹಾಪುರಿ ಚಪ್ಪಲಿ ಹುಡುಕಿದರೆ ಚಿತ್ರದ ಕೆಳಗೆ ಒಂದು ಇಂಗ್ಲಿಷ್ ಪದ ಮತ್ತೆ ಮತ್ತೆ ಎದುರಾಗುತ್ತದೆ: ಇಂಟ್ರಿಕೇಟ್. ನವಿರಾದ ಕುಸುರಿಗೂ ಅದೇ ಪದ, ಬಿಡಿಸಹೊರಟರೆ ತಲೆ ಕೆಡುವ ಕಗ್ಗಂಟಿಗೂ ಅದೇ ಪದ. ಮಾರುವವರಿಗೆ ಬೇಕಾಗಿರುವುದು ಮೊದಲನೆಯ ಅರ್ಥ ಮಾತ್ರ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ಈ ಚಪ್ಪಲಿ ಹೊಲಿಯುವ ಸಮಗಾರರ ಓಣಿಗಳಲ್ಲಿ ಎರಡೂ ಕಣ್ಣಿಗೆ ಬೀಳುತ್ತವೆ.

ಮೇಲುನೋಟಕ್ಕೆ ಈ ಚಪ್ಪಲಿಯಲ್ಲಿ ಏನೂ ಇಲ್ಲ. ಒಂದು ಅಟ್ಟೆ, ಅಡ್ಡಲೊಂದು ಪಟ್ಟಿ, ಹೆಬ್ಬೆರಳಿಗೊಂದು ಉಂಗುರ. ಆದರೆ ಅಟ್ಟೆಯ ಎಮ್ಮೆ ಚರ್ಮ ಹದವಾಗುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಸುಣ್ಣದ ನೀರಿನಲ್ಲಿ ನೆನೆದು ಕೂದಲು ಬಿಟ್ಟ ಚರ್ಮಕ್ಕೆ ಜಾಲಿ ತೊಗಟೆ, ಅಳಲೆಕಾಯಿಯ ನೀರು ಕುಡಿಸಬೇಕು. ಹಳೆಯ ಕ್ರಮದಲ್ಲಿ ಚರ್ಮವನ್ನೇ ಚೀಲವಾಗಿ ಹೊಲಿದು, ತೂಗುಹಾಕಿ, ಒಳಗೆ ಆ ನೀರು ತುಂಬುತ್ತಾರೆ; ಅದು ಜಿನುಗುತ್ತಾ ಹೋದಂತೆ ಚರ್ಮ ಹದಕ್ಕೆ ಬರುತ್ತದೆ. ಇದು ಢೋರ ಸಮುದಾಯದ ಕಸಬು. ಅಲ್ಲಿಂದ ಚರ್ಮ ಸಮಗಾರರ ಮನೆ ಸೇರುತ್ತದೆ. ಗಂಡಸರು ರಂಪಿಗೆಯಿಂದ ಅಟ್ಟೆ ಕತ್ತರಿಸಿ, ಬಡಿದು, ಪದರ ಕೂಡಿಸುತ್ತಾರೆ. ಮೊಳೆ ಹೊಡೆಯುವಂತಿಲ್ಲ. ಹೊಲಿಗೆಯ ಎಳೆಯೂ ಚರ್ಮದ್ದೇ.

ಕುಸುರಿ ಮಾತ್ರ ಹೆಚ್ಚಾಗಿ ಹೆಂಗಸರ ಪಾಲು. ಆಡಿನ ಚರ್ಮವನ್ನು ಸಣ್ಣ ಎಳೆಗಳಾಗಿ ಸೀಳಿ ಜಡೆ ಹೆಣೆಯುತ್ತಾರೆ. ಅದಕ್ಕೆ ವೇಣಿ ಎಂದೇ ಹೆಸರು. ಒಂದು ಎಳೆ ದಪ್ಪವಾದರೆ ಜಡೆ ಉಬ್ಬುತ್ತದೆ, ಬಿಗಿ ತಪ್ಪಿದರೆ ಪಟ್ಟಿಯ ಮೇಲೆ ಸೊಟ್ಟಗೆ ಕೂರುತ್ತದೆ. ಎಡಗಾಲಿನದಕ್ಕೂ ಬಲಗಾಲಿನದಕ್ಕೂ ಕೂದಲೆಳೆಯ ವ್ಯತ್ಯಾಸ ಬರಬಾರದು. ಒಲೆ, ನೀರು, ಮಕ್ಕಳ ನಡುವೆಯೇ ನಡೆಯುವ ಕೆಲಸ; ಹಾಗಾಗಿಯೇ ಇರಬೇಕು, ಇದು ಮನೆಗೆಲಸದ ಲೆಕ್ಕಕ್ಕೆ ಸಲೀಸಾಗಿ ಸೇರಿಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಹುಟ್ಟಿದ ಟೋಹೋಲ್ಡ್ ಸಂಘಟನೆ ಈ ಹೆಂಗಸರನ್ನೇ ಸ್ವಸಹಾಯ ಗುಂಪುಗಳಾಗಿ ಕಟ್ಟಿ, ಅವರ ಚಪ್ಪಲಿಯನ್ನು ಹೊರದೇಶಗಳಿಗೆ ಮುಟ್ಟಿಸಿತು.

ಇನ್ನು ಕಗ್ಗಂಟು. ಅಥಣಿಯಲ್ಲಿ ಹೊಲಿದದ್ದಕ್ಕೆ ಕೊಲ್ಹಾಪುರದ ಹೆಸರೇಕೆ? ಪೇಟೆ ಅಲ್ಲಿತ್ತು, ಅದಕ್ಕೆ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗವಂತೂ ಹಿಂದೆ ಕೊಲ್ಹಾಪುರ ಸಂಸ್ಥಾನದ್ದೇ. ಗಡಿಯಂಚಿನ ಕಾಗವಾಡದವರಿಗೆ ಇವತ್ತಿಗೂ ಬೆಳಗಾವಿಗಿಂತ ಮಹಾರಾಷ್ಟ್ರದ ಮೀರಜ್ ಹತ್ತಿರ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಹಂಚಿಹೋಯಿತು. ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅತ್ತ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ಹಕ್ಕು ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಂ ಎಂಬ ಎರಡು ಸರ್ಕಾರಿ ನಿಗಮಗಳ ಹೆಸರಿನಲ್ಲಿದೆ. ಗಡಿಯ ಮಾತೆತ್ತಿದರೆ ಮುಖ ತಿರುಗಿಸುವ ಎರಡು ಸರ್ಕಾರಗಳು ಚಪ್ಪಲಿಯ ವಿಷಯದಲ್ಲಾದರೂ ಒಂದಾದವು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೊಡಿಸಿ, ಮೂಲದ ಹೆಸರೆತ್ತದೆ ಸುಮ್ಮನಿತ್ತು. ಗದ್ದಲವೆದ್ದ ಮೇಲೆ ಭಾರತದ ಋಣ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ 2000 ಜೊತೆ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯುರೋದಂತೆ ಮಾರುವ ಯೋಜನೆ ಪ್ರಕಟಿಸಿತು. ಅಷ್ಟರಲ್ಲಿ ಜಡೆ ಹೆಣೆದವಳಿಗೆ ಎಷ್ಟು ಎಂಬುದೇ ನನಗೆ ಕಾಣುವ ನಿಜವಾದ ಪ್ರಶ್ನೆ. ಆ ಗದ್ದಲದಲ್ಲಿ ಅಥಣಿಯ ಹೆಸರು ಕೇಳಿಸಿದ್ದೂ ಕಡಿಮೆಯೇ.

ಕೊಳ್ಳುವವರು ಮೊದಲು ಚಪ್ಪಲಿಯನ್ನು ಮಗುಚಿ ನೋಡಬೇಕು. ಮೊಳೆ ಇದ್ದರೆ, ಬರೀ ಅಂಟಿನ ಮೇಲೆ ನಿಂತಿದ್ದರೆ, ಅದು ಹಳೆಯ ಕ್ರಮದ್ದಲ್ಲ. ರೆಕ್ಸಿನ್ ಮೇಲೆ ಒತ್ತಿದ ಜಡೆಯಲ್ಲಿ ಎಳೆಗಳು ಬೇರೆಯಾಗಿ ಬೆರಳಿಗೆ ಸಿಗುವುದಿಲ್ಲ. ಹೊಸದರಲ್ಲಿ ಹೆಬ್ಬೆರಳ ಉಂಗುರ ಕಚ್ಚುತ್ತದೆ, ತುಸು ಎಣ್ಣೆ ಸವರಿದರೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಮೆಟ್ಟಬೇಡಿ. ಆ ದಿನಗಳಲ್ಲಿ ಚರ್ಮ ಒಣಗದೆ ಓಣಿಯ ಕೆಲಸವೂ ಕುಂಟುತ್ತಿರುತ್ತದೆ.