ನೇರ ನಾಟಕವೂ ದಾನಿಯ ಮಾತೂ

ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಅದಾದ ಮೂರು ವರ್ಷಗಳ ಮೇಲೆ. ಹೀಗೆ ಬೆಳಕಿನಲ್ಲಿ ರಾಜಧಾನಿಗಿಂತ ಮುಂದಿದ್ದ ನಂದಿದುರ್ಗ ಗಣಿಯ ನೆರೆಹೊರೆಗೆ ದೂರದರ್ಶನದ ಚಿತ್ರ ತಲುಪಲು ಮಾತ್ರ ಬಹುಕಾಲ ಹಿಡಿಯಿತು. ಅಷ್ಟರಲ್ಲಿ ನಾಟಕಗಳು ಮೊದಲೇ ಮುದ್ರಿತವಾಗಿ ಬರತೊಡಗಿದ್ದವು. ತಪ್ಪಿದರೆ ಮತ್ತೊಮ್ಮೆ ಚಿತ್ರೀಕರಿಸುವ ಅನುಕೂಲವಿತ್ತು. ಟಿ.ವಿ. ನಾಟಕವೂ ಒಂದು ಕಾಲಕ್ಕೆ ನಮ್ಮ ಜಾತ್ರೆಯ ಬಯಲಾಟದಂತೆ, ಆಡುತ್ತಿರುವಾಗಲೇ ನೋಡಬೇಕಾದುದಾಗಿತ್ತೆಂಬುದು ಆದ್ದರಿಂದಲೇ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆ ಪದ್ಧತಿ ಹುಲುಸಾಗಿ ಬೆಳೆದದ್ದು ಅಮೆರಿಕದಲ್ಲಿ. 1947ರಲ್ಲಿ ಕ್ರಾಫ್ಟ್ ಎಂಬ ಗಿಣ್ಣಿನ ಕಂಪನಿಯ ಹೆಸರಿನಲ್ಲಿ ಆರಂಭವಾದ ನಾಟಕಮಾಲೆಯ ಹಿಂದೆಯೇ ಅಂತಹ ಹಲವು ಮಾಲೆಗಳು ಹುಟ್ಟಿದವು. ವಾರಕ್ಕೊಂದು ಹೊಸ ಕಥೆ, ಹೊಸ ಪಾತ್ರಗಳು. ಒಂದೇ ಮನೆಯ ಅತ್ತೆಸೊಸೆಯರ ಜಗಳವನ್ನು ವರ್ಷಗಟ್ಟಲೆ ಎಳೆಯುವ ಕ್ರಮ ಅದಾಗಿರಲಿಲ್ಲ. ನಮ್ಮಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಬಿಡಿಕಥೆಗಳ ಮಾಲೆಯೆಂಬ ಮಟ್ಟಿಗೆ ಅದರ ಬಂಧುವೇ ಸರಿ. ಆದರೆ ಅದು ಮೊದಲೇ ಚಿತ್ರಿಸಿಟ್ಟದ್ದು.

ನೇರ ನಾಟಕದ ಕಷ್ಟಗಳನ್ನು ಊಹಿಸಿಕೊಳ್ಳಿ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ರಂಗಸಜ್ಜಿಕೆಗಳು. ಭಾರವಾದ ಕ್ಯಾಮೆರಾಗಳನ್ನು ಸದ್ದಿಲ್ಲದೆ ಉರುಳಿಸಬೇಕು. ಒಂದು ದೃಶ್ಯ ಮುಗಿಸಿದ ನಟ ಮರೆಯಲ್ಲಿ ಓಡಿ, ಅಂಗಿ ಬದಲಿಸಿ, ಉಬ್ಬಸವನ್ನು ನುಂಗಿಕೊಂಡು ಮುಂದಿನ ದೃಶ್ಯದಲ್ಲಿ ಶಾಂತನಾಗಿ ಕುಳಿತಿರಬೇಕು. ಮಾತು ಮರೆತರೆ ಎದುರಿನವನೇ ಕೈಹಿಡಿದು ನಡೆಸಬೇಕು. ನಡುನಡುವಿನ ಜಾಹೀರಾತೂ ನೇರವೇ. 1954ರಲ್ಲಿ ಹೆಂಗಸೊಬ್ಬಳು ಶೀತಪೆಟ್ಟಿಗೆಯ ಗುಣಗಾನ ಮಾಡುತ್ತಿರುವಾಗ ಅದರ ಬಾಗಿಲೇ ತೆರೆಯದೆ ಹೋಯಿತಂತೆ! ಆಗ ಉಳಿಸಿಕೊಳ್ಳಲು ಇದ್ದ ಉಪಾಯ ಒಂದೇ: ಟಿ.ವಿ. ತೆರೆಯ ಎದುರು ಸಿನಿಮಾ ಕ್ಯಾಮೆರಾ ಇರಿಸಿ ಮಸುಕಾದ ಪ್ರತಿಯೊಂದನ್ನು ತೆಗೆಯುವುದು. 1956ರಲ್ಲಿ ವೀಡಿಯೋ ಟೇಪು ಬಂದ ಮೇಲೆ ನೇರ ನಾಟಕದ ಕಾಲ ಮೆಲ್ಲನೆ ಮುಗಿಯಿತು.

ಆ ನಾಟಕಗಳಲ್ಲಿ ಒಂದನ್ನು ಶರಣಬಂಧುಗಳು ಅವಶ್ಯವಾಗಿ ತಿಳಿದಿರಬೇಕು. 1954ರ ಸೆಪ್ಟೆಂಬರ್ 20ರಂದು ‘ಸ್ಟುಡಿಯೋ ಒನ್’ ಮಾಲೆಯಲ್ಲಿ ಪ್ರಸಾರವಾದ ‘ಟ್ವೆಲ್ವ್ ಆಂಗ್ರಿ ಮೆನ್’ ಅದು. ಬರೆದವರು ರೆಜಿನಾಲ್ಡ್ ರೋಸ್. ತಾವೇ ನ್ಯಾಯಾಲಯದಲ್ಲಿ ಪಂಚರಲ್ಲೊಬ್ಬರಾಗಿ ಕುಳಿತ ಅನುಭವದಿಂದ ಬರೆದರು. ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನಿಗೆ ಹನ್ನೊಂದು ಪಂಚರು ‘ಅಪರಾಧಿ’ ಎನ್ನುತ್ತಾರೆ. ಒಬ್ಬನು ಮಾತ್ರ ‘ಸಂದೇಹವಿದೆ, ಮಾತನಾಡೋಣ’ ಎನ್ನುತ್ತಾನೆ. ಮುಂದಿನದೆಲ್ಲ ಒಂದು ಕೊಠಡಿಯ ಮಾತು, ಅಷ್ಟೆ. 1957ರಲ್ಲಿ ಇದು ಚಲನಚಿತ್ರವಾಯಿತು. 1986ರಲ್ಲಿ ಬಾಸು ಚಟರ್ಜಿಯವರಿಂದ ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಹಿಂದಿಗೂ ಬಂದಿತು. ಮೂಲ ಪ್ರಸಾರದ ಪೂರ್ಣ ಪ್ರತಿ ದೊರೆತದ್ದು 2003ರಲ್ಲಿ. ಕೇಳಿದಾಗ ನನಗೆ ಅನುಭವಮಂಟಪವೇ ನೆನಪಾಯಿತು. ಅಲ್ಲಿಯೂ ಒಬ್ಬ ಕಾಯಕಜೀವಿಯ ಪ್ರಶ್ನೆಗೆ ಸಭೆಯೇ ನಿಂತು ಉತ್ತರಿಸಬೇಕಾಗಿತ್ತು.

ಆದರೆ ಆ ಮಾತುಗಳಿಗೆ ಒಡೆಯರೂ ಇದ್ದರು. ಖರ್ಚು ಹೊತ್ತ ಕಂಪನಿಗಳು ಹಸ್ತಪ್ರತಿಯ ಮೇಲೂ ಕೈಯಿಡುತ್ತಿದ್ದವು. 1959ರ ಏಪ್ರಿಲ್ 16ರಂದು ‘ಪ್ಲೇಹೌಸ್ 90’ ಮಾಲೆಯಲ್ಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಪ್ರಸಾರವಾಯಿತು. ಯಹೂದಿಗಳನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದ ನಾಜಿಗಳ ಕಾಲದ ನ್ಯಾಯಾಧೀಶರ ವಿಚಾರಣೆಯ ಕಥೆ ಅದು. ಪ್ರಾಯೋಜಕರಲ್ಲಿ ಗ್ಯಾಸ್ ಉದ್ಯಮದ ಸಂಘವೂ ಇತ್ತು. ತಮ್ಮ ಒಲೆಯ ವ್ಯಾಪಾರಕ್ಕೆ ಕುಂದು ಬಂದೀತೆಂಬ ಭಯದಿಂದ ‘ಗ್ಯಾಸ್’ ಎಂಬ ಮಾತು ಬಂದಾಗ ಧ್ವನಿಯನ್ನೇ ಅಡಗಿಸಲಾಯಿತು. ನಟನ ತುಟಿ ಆಡಿತು, ಮಾತು ಕೇಳಿಸಲಿಲ್ಲ. ಲಕ್ಷಾಂತರ ಜನರ ಮರಣಕ್ಕಿಂತ ಒಲೆಯ ಮಾರಾಟ ಹೆಚ್ಚಾಯಿತು.

ಇದನ್ನು ಬರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪದು. ಮಠದಲ್ಲಿ ಕಲಿತು ಪುರಾಣ ಹೇಳುವ ನನ್ನದೂ ನೇರ ಪ್ರಸಾರವೇ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ಹಲವು ವರ್ಷಗಳ ಹಿಂದೆ ಬಂಗಾರಪೇಟೆಯ ಸಮೀಪದ ಊರೊಂದರಲ್ಲಿ ಶ್ರಾವಣಮಾಸದ ಪ್ರವಚನ ನಡೆಸುತ್ತಿದ್ದೆ. ತಿಂಗಳ ಪ್ರಸಾದಸೇವೆ ವಹಿಸಿದ್ದ ವರ್ತಕರು ಒಂದು ಸಂಜೆ ಬಂದು, ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಪ್ರಸಂಗ ಬೇಡವೆಂದು ಕೈಮುಗಿದರು. ಅವರ ಮನೆಯಲ್ಲಿ ಮಗಳೊಬ್ಬಳು ಅಂಥದೇ ಮದುವೆಯ ಮಾತೆತ್ತಿದ್ದಳು. ‘ಈ ವರ್ಷವೊಂದು ಬಿಟ್ಟುಬಿಡಿ ಬುದ್ಧಿ’ ಎಂದರು. ನಾನು ಬಿಟ್ಟೆ. ಕಲ್ಯಾಣದ ಕ್ರಾಂತಿಯನ್ನು, ಅದಕ್ಕೆ ಕಾರಣವಾದ ಮದುವೆಯನ್ನೇ ಹೇಳದೆ ಮುಗಿಸಿದೆ. ಮಂಗಳಾರತಿಯ ಬಳಿಕ ಮುದುಕಿಯೊಬ್ಬರು ಬಳಿಬಂದು, ‘ಶರಣರಿಗೆ ಎಳೆಹೂಟೆ ಯಾಕಾಯ್ತು ಅಂತ ಹೇಳಲೇ ಇಲ್ಲವಲ್ಲ ಸ್ವಾಮಿ?’ ಎಂದು ಕೇಳಿದರು. ಹೊತ್ತಾಯಿತೆಂದೆ.

ಮರುವರ್ಷ ಆ ಊರಿನಲ್ಲಿ ಮೊದಲ ದಿನವೇ ಹರಳಯ್ಯನವರ ಕಥೆ ಎತ್ತಿಕೊಂಡೆ. ವರ್ತಕರು ಬರಲಿಲ್ಲ. ಪ್ರಸಾದಕ್ಕೆ ಮನೆಮನೆಯಿಂದ ರಾಗಿ, ಅಕ್ಕಿ ಕೂಡಿಸಿದರು. ಆ ಮುದುಕಿಗಾಗಿ ಮುಂದಿನ ಸಾಲಿನಲ್ಲಿ ಹುಡುಕಿದೆ; ಆ ಬೇಸಿಗೆಯಲ್ಲಿಯೇ ಲಿಂಗೈಕ್ಯರಾಗಿದ್ದರೆಂದು ತಿಳಿಯಿತು.