ಬಾಯಿ ತಪ್ಪಿದರೆ ವೋಟೂ ತಪ್ಪುತ್ತಾ?

ವಿಡಿಯೋ ಇರುವುದು ಬರೇ 19 ಸೆಕೆಂಡಿನದ್ದು. ಅಡಕೆ ಒಣಗಿಸುವ ಅಂಗಳ, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡ ಇಪ್ಪತ್ತೈದು ಮೂವತ್ತು ಜನ. ಎದುರಿಗೆ ಮೈಕ್ ಹಿಡಿದು ನಿಂತ ನನ್ನ ಚಿಕ್ಕಮ್ಮ. ಕೈ ನಡುಗುವುದು ಸ್ಪಷ್ಟವಾಗಿ ಕಾಣುತ್ತದೆ. "ನನ್ನನ್ನು ಗೆಲ್ಲಿಸಿದರೆ ಒಂದೇ ವರ್ಷದಲ್ಲಿ ಈ ವಾರ್ಡಿನ ನೀರನ್ನು ಮುಗಿಸಿ ಕೊಡುತ್ತೇನೆ" ಎನ್ನುತ್ತಾರೆ. ಅರೆಕ್ಷಣ ಯಾರೂ ಉಸಿರಾಡುವುದಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ನಗು ಶುರುವಾಗುತ್ತದೆ. ವಿಡಿಯೋ ಅಲ್ಲಿಗೆ ಮುಗಿಯಿತು.

"ನೀರಿನ ಸಮಸ್ಯೆಯನ್ನು" ಎನ್ನಬೇಕಿತ್ತು. "ಸಮಸ್ಯೆ" ಗಂಟಲಲ್ಲೇ ಉಳಿಯಿತು.

ಅದು 2020ರ ಡಿಸೆಂಬರ್. ಗ್ರಾಮ ಪಂಚಾಯತ್ ಚುನಾವಣೆ. ನಮ್ಮ ಬೆಳ್ತಂಗಡಿ ತಾಲೂಕಿಗೆ ಎರಡನೇ ಹಂತದಲ್ಲಿ, 27ನೇ ತಾರೀಕಿಗೆ ಮತದಾನ. ಮೀಸಲಾತಿಯಲ್ಲಿ ಸೀಟು ಮಹಿಳೆಗೆ ಬಂದಿತ್ತು. ಸ್ವಸಹಾಯ ಸಂಘದ ಲೆಕ್ಕ ಚೆನ್ನಾಗಿ ಬರೆಯುತ್ತಾರೆ ಎಂಬ ಒಂದೇ ಕಾರಣಕ್ಕೆ ಚಿಕ್ಕಮ್ಮನನ್ನು ಎಬ್ಬಿಸಿ ನಿಲ್ಲಿಸಿದ್ದರು. ಅವರು ತುಳುವಿನಲ್ಲಿ ಮಾತಿಗೆ ನಿಂತರೆ ಬಾವಿಕಟ್ಟೆಯ ರಾಟೆಯೂ ಸುಮ್ಮನಾಗಬೇಕು. ಆದರೆ ಆ ದಿನ ಪೇಟೆಯಿಂದ ದೊಡ್ಡವರು ಬಂದಿದ್ದರು, ಕನ್ನಡದಲ್ಲಿ ಮಾತಾಡಿ ಎಂದರು. ಮೈಕ್ ಎದುರಿಗೆ ಬಂದ ಕೂಡಲೇ ನಮ್ಮ ಊರಿನವರ ಬಾಯಿಗೆ ಪುಸ್ತಕದ ಕನ್ನಡ ಬರುತ್ತದಲ್ಲ, ಅದೇ ಕನ್ನಡ ಅವರ ಕಾಲಿಗೆ ತೊಡರಿತು.

ನಾನಾಗ ಎಸ್ಸೆಸ್ಸೆಲ್ಸಿ. ಶಾಲೆ ಮುಚ್ಚಿತ್ತು, ಆನ್‌ಲೈನ್ ಕ್ಲಾಸಿಗೆಂದು ಕೊಡಿಸಿದ ಮೊಬೈಲ್ ಕೈಯಲ್ಲಿತ್ತು. ಆ ವಿಡಿಯೋ ತೆಗೆದದ್ದು ನಾನೇ. ನಗುವ ಎರಡು ಇಮೋಜಿ ಸೇರಿಸಿ ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದೂ ನಾನೇ. ಮನೆಯವರೊಳಗೆ ತಾನೇ ಎಂದುಕೊಂಡಿದ್ದೆ. ಸಂಜೆಯೊಳಗೆ ಅದು ಎದುರು ಪಾರ್ಟಿಯ ಹುಡುಗರ ಗ್ರೂಪಿನಲ್ಲಿತ್ತು, ಹಿನ್ನೆಲೆಗೆ ಸಿನಿಮಾ ಹಾಡಿನ ಸಮೇತ. ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ಎಂಬುದು ಕಾಗದದಲ್ಲಿ ಮಾತ್ರ. ಯಾರು ಯಾರ ಕಡೆ ಎಂದು ನಮ್ಮಲ್ಲಿ ನಾಯಿಮರಿಗೂ ಗೊತ್ತು.

ಆಡಿದ ಮಾತು, ಒಡೆದ ಮುತ್ತು ಎಂದು ಅಜ್ಜಿಯಂದಿರು ಹೇಳುತ್ತಿದ್ದರು, ಎರಡೂ ಹೋದರೆ ಹೋಯಿತು ಎಂಬ ಅರ್ಥದಲ್ಲಿ. ಈಗ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ ಎಂಬುದೇ ತೊಂದರೆ.

ಅಂದಿನಿಂದ ನನಗೊಂದು ಚಟ. ರಾಜಕಾರಣಿಗಳು ಬಾಯಿ ತಪ್ಪಿದ್ದು ಎಲ್ಲಿ ಸಿಕ್ಕಿದರೂ ನೋಡುತ್ತೇನೆ, ಆಮೇಲೆ ಅವರು ಗೆದ್ದರೋ ಸೋತರೋ ಹುಡುಕುತ್ತೇನೆ. ಟ್ರೋಲ್ ಪೇಜ್ ನೋಡಿ ನಗುವವರ ಲೆಕ್ಕಕ್ಕೇ ನಾನೂ ಸೇರಿದವಳು, ಸುಳ್ಳು ಯಾಕೆ ಹೇಳಲಿ? ಆದರೆ ನನಗೆ ಬೇಕಾದದ್ದು ಬೇರೆ. ನಾನು ಮಾಡಿದ ಕೆಲಸದಿಂದ ಚಿಕ್ಕಮ್ಮನಿಗೆ ಎಷ್ಟು ನಷ್ಟವಾಗಿರಬಹುದು?

ಬಾಯಿ ತಪ್ಪಿ ಕೆಟ್ಟವರಲ್ಲಿ ನಮ್ಮ ಕಡೆಯವರಿಗೆಲ್ಲ ಮೊದಲು ನೆನಪಾಗುವುದು ಕುಂಭಕರ್ಣ. ತಪಸ್ಸು ಮಾಡಿ, ಬ್ರಹ್ಮ ಪ್ರತ್ಯಕ್ಷನಾದಾಗ ಇಂದ್ರಾಸನ ಕೇಳಹೋಗಿ ನಿದ್ರಾಸನ ಕೇಳಿದ ಎಂಬ ಕತೆ. ನಾಲಗೆ ತಿರುಚಿದ್ದು ಸರಸ್ವತಿಯಂತೆ. ಒಂದೇ ಶಬ್ದಕ್ಕೆ ಜನ್ಮವಿಡೀ ನಿದ್ದೆ. ಈ ಲೆಕ್ಕದಲ್ಲಿ ನೋಡಿದರೆ ಬಾಯಿ ತಪ್ಪಿದ ಪ್ರತಿಯೊಬ್ಬ ಅಭ್ಯರ್ಥಿಯೂ ಮಲಗಬೇಕಿತ್ತು. ಆದರೆ ಹಾಗಾಗುವುದಿಲ್ಲ.

2018ರ ಮಾರ್ಚ್ 27. ಕರ್ನಾಟಕ ವಿಧಾನಸಭೆ ಚುನಾವಣೆಯ ದಿನಾಂಕ ಘೋಷಣೆಯಾದ ದಿನವೇ ಅಮಿತ್ ಶಾ ದಾವಣಗೆರೆಯಲ್ಲಿ ಪತ್ರಿಕಾಗೋಷ್ಠಿ ನಡೆಸಿದರು. ಭ್ರಷ್ಟಾಚಾರದಲ್ಲಿ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರಕಾರಕ್ಕೇ ಮೊದಲ ಬಹುಮಾನ ಎಂಬರ್ಥದಲ್ಲಿ ಮಾತಾಡಿಬಿಟ್ಟರು. ಹೇಳಬೇಕಿದ್ದ ಹೆಸರು ಸಿದ್ದರಾಮಯ್ಯ. ಯಡಿಯೂರಪ್ಪ ಪಕ್ಕದಲ್ಲೇ ಕುಳಿತಿದ್ದರು! ಪಕ್ಕದವರು ಎಚ್ಚರಿಸಿದ ಮೇಲೆ ತಿದ್ದಿಕೊಂಡರು. ಕಾಂಗ್ರೆಸ್ಸಿನವರಿಗೆ ಹಬ್ಬ. ಕೆಲವೇ ದಿನಗಳಲ್ಲಿ ಶಾ ಅವರ ಭಾಷಣವನ್ನು ಕನ್ನಡಕ್ಕೆ ಹೇಳುತ್ತಿದ್ದ ಪ್ರಹ್ಲಾದ ಜೋಶಿಯವರೂ ತಮ್ಮದೇ ನಾಯಕನ ಬಗ್ಗೆ ಉಲ್ಟಾ ಹೇಳಿ ಸುದ್ದಿಯಾದರು. ಸಿದ್ದರಾಮಯ್ಯನವರೇನು ಕಡಿಮೆಯೇ? ಮಳವಳ್ಳಿಯಲ್ಲಿ ತಮ್ಮ ಶಾಸಕ ನರೇಂದ್ರಸ್ವಾಮಿಯವರ ಕೆಲಸ ಹೊಗಳುವಾಗ ನರೇಂದ್ರ ಮೋದಿ ಎಂದುಬಿಟ್ಟರು. ಒಟ್ಟಿನಲ್ಲಿ ಆ ಬೇಸಗೆಯಲ್ಲಿ ಎಲ್ಲರೂ ಎದುರಾಳಿಗೆ ಪ್ರಚಾರ ಮಾಡಿದವರೇ.

ಫಲಿತಾಂಶ? ಬಿಜೆಪಿ 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಯಿತು. ಯಡಿಯೂರಪ್ಪ ಶಿಕಾರಿಪುರದಲ್ಲಿ ಗೆದ್ದರು. ಮಳವಳ್ಳಿಯಲ್ಲಿ ನರೇಂದ್ರಸ್ವಾಮಿ ಸೋತರು, 2023ರಲ್ಲಿ ಮತ್ತೆ ಗೆದ್ದರು. 2018ರಲ್ಲಿ ಅವರು ಸೋತದ್ದು ಮೋದಿ ಹೆಸರು ಬಾಯಿತಪ್ಪಿ ಬಂದದ್ದಕ್ಕೆ ಎಂದರೆ ಮಂಡ್ಯದವರು ನಕ್ಕಾರು. ಆ ವರ್ಷ ಆ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಪಾಲಾಗಿತ್ತು. ರಾಹುಲ್ ಗಾಂಧಿಯವರಿಗೆ "ವಿಶ್ವೇಶ್ವರಯ್ಯ" ಎನ್ನಲು ನಾಲಗೆ ಹೊರಳಲಿಲ್ಲ ಎಂದು ಅದೇ ಮೇ 1ರಂದು ಸಂತೇಮರಹಳ್ಳಿಯಲ್ಲಿ ಪ್ರಧಾನಿಯವರು ಐದು ಬಾರಿ ಆ ಹೆಸರು ಹೇಳಿ ನೋಡೋಣ ಎಂದು ಸವಾಲು ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಆದರೆ ರಾಜ್ಯದಲ್ಲಿ ಕಾಂಗ್ರೆಸ್ ಪಡೆದ ಮತ ಶೇ. 38, ಬಿಜೆಪಿ ಪಡೆದದ್ದು ಶೇ. 36. ಸೀಟಿನ ಲೆಕ್ಕ ಬೇರೆ, ಅದಕ್ಕೆ ಕಾರಣವೂ ಬೇರೆ. ನಾಲಗೆಯದ್ದಂತೂ ಅಲ್ಲ.

ಹಾಗಾದರೆ ಬಾಯಿ ತಪ್ಪುವುದು ಬರೇ ಮನರಂಜನೆಯಾ? ನನಗೂ ಸ್ವಲ್ಪ ದಿನ ಹಾಗೇ ಅನ್ನಿಸಿ ಸಮಾಧಾನವಾಗಿತ್ತು. ಆಮೇಲೆ ಮಂಡ್ಯ ಕಣ್ಣಿಗೆ ಬಿತ್ತು.

2018ರ ನವೆಂಬರ್ 24ರಂದು ಅಂಬರೀಷ್ ತೀರಿಕೊಂಡರು. ಮುಂದಿನ ಮಾರ್ಚಿನಲ್ಲಿ ಸುಮಲತಾ ಪಕ್ಷೇತರರಾಗಿ ನಿಲ್ಲುವ ಮಾತು ಬಂದಾಗ ಸಚಿವರಾಗಿದ್ದ ಎಚ್.ಡಿ. ರೇವಣ್ಣ, ಗಂಡ ತೀರಿ ತಿಂಗಳುಗಳೂ ಆಗಿಲ್ಲ, ಆಗಲೇ ಇವರಿಗೆ ರಾಜಕೀಯ ಬೇಕಾ ಎಂಬ ಧಾಟಿಯಲ್ಲಿ ಮಾತಾಡಿದರು. ಇಲ್ಲಿ ಹೆಸರು ಅದಲುಬದಲಾಗಿರಲಿಲ್ಲ, ವ್ಯಾಕರಣ ಸರಿಯಿತ್ತು. ಆದರೆ ಆ ಮಾತು ಹೋಗಿ ಬಡಿದದ್ದು ಸುಮಲತಾರಿಗೆ ಮಾತ್ರವಲ್ಲ, ಗಂಡ ಇಲ್ಲದೆ ಮನೆ ನಡೆಸುವ ಪ್ರತಿಯೊಬ್ಬ ಹೆಂಗಸಿಗೂ. ಆ ಮಾತಾಡಿದವರು ಅಭ್ಯರ್ಥಿಯೂ ಅಲ್ಲ, ಅಭ್ಯರ್ಥಿಯ ದೊಡ್ಡಪ್ಪ. ಏಳೂ ಶಾಸಕರು ತಮ್ಮವರೇ ಇದ್ದ ಜಿಲ್ಲೆಯಲ್ಲಿ ನಿಖಿಲ್ ಕುಮಾರಸ್ವಾಮಿ 1,25,876 ಮತಗಳಿಂದ ಸೋತರು. ಅಷ್ಟನ್ನೂ ಒಂದು ಮಾತಿನ ತಲೆಗೆ ಕಟ್ಟಲಾಗದು. ಅಂಬರೀಷ್ ಮೇಲಿನ ಪ್ರೀತಿ ಇತ್ತು, ಬಿಜೆಪಿ ಬೆಂಬಲ ಇತ್ತು, ದರ್ಶನ್, ಯಶ್ ಬೀದಿ ಬೀದಿ ಸುತ್ತಿದ್ದರು. ಹಳೆಯ ಸಿನಿಮಾ ಕಾರ್ಯಕ್ರಮವೊಂದರಲ್ಲಿ ಅಪ್ಪ ವೇದಿಕೆಯಿಂದ ಮಗನನ್ನು ಕರೆದ "ನಿಖಿಲ್ ಎಲ್ಲಿದ್ದೀಯಪ್ಪ" ಕೂಡ ಆಗಲೇ ಎದ್ದು ಬಂದದ್ದು. ಅದರಲ್ಲಿ ತಪ್ಪೇನಿತ್ತೋ ನನಗೆ ಇಂದಿಗೂ ಗೊತ್ತಾಗಿಲ್ಲ. ಅಪ್ಪ ಮಗನನ್ನು ಕರೆಯಬಾರದೇ?

ಅಮೆರಿಕದ ಒಂದು ಪ್ರಸಂಗ ಓದಿದಾಗ ನನಗೆ ಈ ವ್ಯತ್ಯಾಸ ಇನ್ನೂ ಬಿಡಿಸಿ ಕಂಡಿತು. 2006ರಲ್ಲಿ ವರ್ಜೀನಿಯಾದ ಸೆನೆಟರ್ ಜಾರ್ಜ್ ಅಲೆನ್ ಮರುಆಯ್ಕೆ ಬಯಸಿ ನಿಂತಿದ್ದರು. ಅವರ ಸಭೆಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು ಎದುರಾಳಿಯ ಕಡೆಯಿಂದ ಭಾರತ ಮೂಲದ ಒಬ್ಬ ಕಾಲೇಜು ಹುಡುಗ ಹೋಗುತ್ತಿದ್ದ. ಅಲೆನ್ ಸಭೆಯಲ್ಲೇ ಅವನತ್ತ ಕೈ ತೋರಿಸಿ "ಮಕಾಕಾ" ಎಂದರು. ಮಕಾಕ್ ಎಂದರೆ ಒಂದು ಜಾತಿಯ ಮಂಗ. ಹುಟ್ಟಿ ಬೆಳೆದ ರಾಜ್ಯದಲ್ಲೇ ಅವನಿಗೆ ಅಮೆರಿಕಕ್ಕೆ ಸ್ವಾಗತ ಎಂದೂ ಹೇಳಿದರು. ಹುಡುಗನ ಕ್ಯಾಮೆರಾ ಓಡುತ್ತಲೇ ಇತ್ತು. ಗೆಲ್ಲುವವರೆಂದೇ ಎಲ್ಲರೂ ತಿಳಿದಿದ್ದ ಅಲೆನ್ ಹತ್ತು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಹೆಚ್ಚುಕಡಿಮೆ ನನ್ನ ಪ್ರಾಯದ ಹುಡುಗ, ನನ್ನ ಹಾಗೆ ಕ್ಯಾಮೆರಾ ಹಿಡಿದವನು. ಆದರೆ ಅವನು ಹಿಡಿದದ್ದು ಒಬ್ಬ ದೊಡ್ಡ ಮನುಷ್ಯ ತನ್ನನ್ನು ಹೀನಾಯವಾಗಿ ಕಂಡದ್ದನ್ನು. ನಾನು ಹಿಡಿದದ್ದು ಒಬ್ಬ ಹೆಂಗಸಿನ ಹೆದರಿಕೆಯನ್ನು.

ಈ ಎರಡನ್ನೂ ನಾವು ಒಂದೇ ಬುಟ್ಟಿಗೆ ಹಾಕಿ "ಎಡವಟ್ಟು" ಎನ್ನುತ್ತೇವೆ. ಶಬ್ದ ತಪ್ಪಿದರೆ ಜನ ನಗುತ್ತಾರೆ, ಮರೆಯುತ್ತಾರೆ. ಕೆಲವೊಮ್ಮೆ "ಪಾಪ, ನಮ್ಮ ಹಾಗೇ" ಎಂದು ಹತ್ತಿರವೂ ಆಗುತ್ತಾರೆ. ಎದುರಿಗಿರುವವರನ್ನು ಮಾತಾಡುವವನು ಮನಸ್ಸಿನಲ್ಲಿ ಯಾವ ಮಣೆ ಮೇಲೆ ಕೂರಿಸಿದ್ದಾನೆ ಎಂಬುದು ಬಾಯಿಯಿಂದ ಹೊರಬಿದ್ದರೆ ಮಾತ್ರ ಅದು ನೋಯಿಸುತ್ತದೆ.

ಮೂರನೆಯದೊಂದು ಉಂಟು, ಅದು ನಡೆದದ್ದು ನಮ್ಮ ಊರಿನ ಮಗ್ಗುಲಲ್ಲೇ. ಉಜಿರೆಯಿಂದ ಧರ್ಮಸ್ಥಳದತ್ತ ಹೋದರೆ ಶಾಂತಿವನ ಸಿಗುತ್ತದೆ. 2018ರ ಜೂನ್‌ನಲ್ಲಿ ಸಿದ್ದರಾಮಯ್ಯ ಅಲ್ಲಿ ಪ್ರಕೃತಿ ಚಿಕಿತ್ಸೆಗೆ ಬಂದಿದ್ದರು. ಆಪ್ತರ ಜತೆ ಕುಳಿತು, ಈ ಮೈತ್ರಿ ಸರಕಾರ ಐದು ವರ್ಷ ಬಾಳುವುದು ಕಷ್ಟ, ಲೋಕಸಭೆ ಚುನಾವಣೆ ಆದ ಮೇಲೆ ನೋಡಬೇಕು ಎಂಬಂತೆ ಆಡಿದ ಮಾತು ಯಾರದೋ ಮೊಬೈಲಿನಿಂದ ಹೊರಬಂತು. ಬೆಂಗಳೂರಿನಲ್ಲಿ ಕೋಲಾಹಲ. ಒಂದು ವರ್ಷ ಕಳೆದು, ಲೋಕಸಭೆ ಚುನಾವಣೆ ಆದ ಮೇಲೆ, 2019ರ ಜುಲೈ 23ರಂದು ಸರಕಾರ ಬಿತ್ತು. ಅಂದರೆ ಅದು ತಪ್ಪು ಮಾತಲ್ಲ, ನಿಜವಾದ ಮಾತು. ಆಡಬಾರದ ಹೊತ್ತಿನಲ್ಲಿ ಕೇಳಿಬಿಟ್ಟಿತು, ಅಷ್ಟೇ. ರಾಜಕಾರಣಿ ನಿಜ ಹೇಳಿದರೆ ಅದನ್ನೇ ಎಡವಟ್ಟು ಎನ್ನುತ್ತಾರೆ ಎಂದು ಅಮೆರಿಕದ ಪತ್ರಕರ್ತ ಮೈಕೆಲ್ ಕಿನ್ಸ್‌ಲಿ ಹೇಳಿದ್ದಕ್ಕೆ ಶಾಂತಿವನಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸಿದ್ದರಾಮಯ್ಯನವರಿಗೆ ಇದರಿಂದ ಏನೂ ಆಗಲಿಲ್ಲ, 2023ರ ಮೇಯಲ್ಲಿ ಮತ್ತೆ ಮುಖ್ಯಮಂತ್ರಿಯಾದರು.

ನೋಯಿಸುವ ಮಾತು ಸೋಲಿಸುತ್ತದೆ ಎಂದು ಹೇಳಹೊರಟರೆ ನಮ್ಮ ಜಿಲ್ಲೆಯೇ ಅಡ್ಡ ನಿಲ್ಲುತ್ತದೆ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಆಗಿನ ಬಿಜೆಪಿ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಕಾರ್ಯಕರ್ತರಿಗೆ, ರಸ್ತೆ, ಚರಂಡಿಯಂಥ ಸಣ್ಣ ವಿಷಯ ಬಿಡಿ, ಲವ್ ಜಿಹಾದ್ ಬಗ್ಗೆ ಮಾತಾಡಿ ಎಂದರು. ಮಳೆಗಾಲದಲ್ಲಿ ಹೊಂಡ ತಪ್ಪಿಸಿ ಸ್ಕೂಟಿ ಓಡಿಸುವ ನನಗೆ ಅದು ಸಣ್ಣ ವಿಷಯ ಅಲ್ಲ. ದೇಶವಿಡೀ ಚರ್ಚೆಯಾಯಿತು. ನಾಲ್ಕು ತಿಂಗಳ ನಂತರ ರಾಜ್ಯದಲ್ಲಿ ಬಿಜೆಪಿ 66ಕ್ಕೆ ಇಳಿದರೂ ದಕ್ಷಿಣ ಕನ್ನಡದ ಎಂಟರಲ್ಲಿ ಆರು ಸೀಟು ಅದಕ್ಕೇ ಬಂತು. ಅದೇ ಪ್ರಚಾರದಲ್ಲಿ ಮಲ್ಲಿಕಾರ್ಜುನ ಖರ್ಗೆ ಪ್ರಧಾನಿಯನ್ನು ವಿಷದ ಹಾವಿಗೆ ಹೋಲಿಸಿದರು, ಬಸನಗೌಡ ಯತ್ನಾಳ್ ಸೋನಿಯಾ ಗಾಂಧಿಯನ್ನು ವಿಷಕನ್ಯೆ ಎಂದರು. ಹಾವಿನ ಮಾತನ್ನು ಮೋದಿಯವರು ಸಭೆ ಸಭೆಗೂ ಹೊತ್ತೊಯ್ದರು. ಕಾಂಗ್ರೆಸ್ಸಿಗೆ 135 ಬಂತು. ನಮ್ಮವರು ಆಡಿದರೆ ಬಾಯಿ ತಪ್ಪಿದ್ದು, ಎದುರಿನವರು ಆಡಿದರೆ ಮನಸ್ಸಿನಲ್ಲಿದ್ದದ್ದು: ಮತದಾರನ ಕಿವಿ ಹೀಗೆಯೇ ಕೇಳುತ್ತದೆ. ನನ್ನ ಕಿವಿಯೂ ಬೇರೆಯದ್ದಲ್ಲ.

ತಾಳಮದ್ದಳೆ ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಅರ್ಥಧಾರಿಯ ಬಾಯಿಂದ ಒಂದು ಶಬ್ದ ಜಾರಿದರೆ ಎದುರಿನ ಅರ್ಥಧಾರಿ ಅದನ್ನೇ ಹಿಡಿದು ಅರ್ಧ ಗಂಟೆ ಎಳೆಯುತ್ತಾನೆ. ಸಭೆ ಚಪ್ಪಾಳೆ ಹೊಡೆಯುತ್ತದೆ. ಆದರೆ ಜಾರಿದವನಿಗೂ ಮರುಮಾತಿನ ಅವಕಾಶ ಉಂಟಲ್ಲ! ಪಳಗಿದವನು ಆ ಜಾರಿದ ಶಬ್ದಕ್ಕೇ ಹೊಸ ಅರ್ಥ ಹಚ್ಚಿ ಎದ್ದು ಕೂರುತ್ತಾನೆ. ದೊಡ್ಡ ನಾಯಕರಿಗೂ ಮರುದಿನ ಇನ್ನೊಂದು ಮೈಕ್ ಸಿಗುತ್ತದೆ. 19 ಸೆಕೆಂಡಿನ ವಿಡಿಯೋದಲ್ಲಿ ಸಿಕ್ಕಿಬಿದ್ದ ಪಂಚಾಯತ್ ಅಭ್ಯರ್ಥಿಗೆ ಯಾವ ಮೈಕ್ ಸಿಗುತ್ತದೆ?

ಚಿಕ್ಕಮ್ಮ ಗೆದ್ದರು. 11 ವೋಟಿನಿಂದ.

ಎಣಿಕೆ ಕೇಂದ್ರದಿಂದ ಫೋನ್ ಬಂದಾಗ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನು. ಆಮೇಲೆ ಕಾಲನಿಯ ಒಬ್ಬರು ಹೇಳಿದರು, "ಆ ವಿಡಿಯೋ ನೋಡಿಯೇ ಗೊತ್ತಾದದ್ದು, ನೀರಿನ ಬಗ್ಗೆ ಮಾತಾಡುವವರು ಒಬ್ಬರಾದರೂ ಇದ್ದಾರೆ ಅಂತ." ಅಂಗಡಿಕಟ್ಟೆಯಲ್ಲಿ ಇನ್ನೊಬ್ಬರು, ಮಾತಾಡಲಿಕ್ಕೆ ಬಾರದವರನ್ನು ನಿಲ್ಲಿಸದಿದ್ದರೆ ನೂರು ವೋಟಿನಲ್ಲಿ ಗೆಲ್ಲುತ್ತಿದ್ದೆವು ಎಂದರು. ಯಾರ ಮಾತು ಸರಿ? 11 ವೋಟು ಉಳಿದದ್ದು ವಿಡಿಯೋದಿಂದಲೋ, ವಿಡಿಯೋ ಕಿತ್ತುಕೊಂಡ ಮೇಲೆ ಉಳಿದದ್ದೇ 11 ವೋಟೋ? ಮತಪತ್ರದಲ್ಲಿ ಕಾರಣ ಬರೆಯುವ ಜಾಗ ಇರುವುದಿಲ್ಲ.

ವೋಟಿನ ಲೆಕ್ಕ ಹಾಗಿರಲಿ. ಅವರ ಅವಧಿಯಲ್ಲಿ ಬೋರ್‌ವೆಲ್ ಆಯಿತು, ಗುಡ್ಡೆಯ ಮೇಲೊಂದು ಟ್ಯಾಂಕ್ ಆಯಿತು, ಏಪ್ರಿಲಿನಲ್ಲೂ ಒಂದು ದಿನ ಬಿಟ್ಟು ಒಂದು ದಿನ ನಳ್ಳಿಯಲ್ಲಿ ನೀರು ಬರುತ್ತದೆ. ಆದರೆ ಗ್ರಾಮಸಭೆಯಲ್ಲಿ ಚಿಕ್ಕಮ್ಮ ಮೈಕ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಪಕ್ಕದ ಸದಸ್ಯರ ಕೈಗೆ ಕೊಡುತ್ತಾರೆ. ಅವರು ಎದ್ದು ನಿಂತು ಓದುತ್ತಾರೆ. ನಡಾವಳಿಯಲ್ಲಿ ಹೆಸರು ಬರುವುದು ಓದಿದವರದ್ದು.

ಮುಂದಿನ ಚುನಾವಣೆಯ ಮಾತು ಶುರುವಾದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. "ಚಿಕ್ಕಮ್ಮ, ನೀವು ಮತ್ತೆ ನಿಲ್ಲುತ್ತೀರಾ?" ಅವರು ಹಲಸಿನ ಸೊಳೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಆ ವಿಡಿಯೋ ಇನ್ನೂ ಉಂಟಾ ನಿನ್ನ ಹತ್ತಿರ?" ಎಂದರು. ಇತ್ತು. ಕೈಗೆ ಮೇಣ ಅಂಟಿದ್ದರಿಂದ ನಾನೇ ಮೊಬೈಲ್ ಹಿಡಿದು ತೋರಿಸಿದೆ. ಅದನ್ನು ಅವರು ಪೂರ್ತಿ ನೋಡಿದ್ದು ಅದೇ ಮೊದಲಂತೆ. ನಗು ಶುರುವಾಗುವಲ್ಲಿಗೆ ವಿಡಿಯೋ ನಿಂತಿತು.

"ಮುಗಿಯಿತಾ?" ಎಂದರು. "ಇದರ ನಂತರ ನಾನು ಐದು ನಿಮಿಷ ತುಳುವಿನಲ್ಲಿ ಮಾತಾಡಿದ್ದೆ ಮಾರಾಯ್ತಿ. ಪೈಪ್ ಎಲ್ಲಿಂದ ಎಲ್ಲಿಗೆ, ಎಷ್ಟು ಮನೆ, ಎಲ್ಲ ಹೇಳಿದ್ದೆ. ಕಡೆಗೆ ಜನ ಚಪ್ಪಾಳೆ ಹೊಡೆದಿದ್ದರು. ಅದನ್ನು ನೀನು ತೆಗೆಯಲಿಲ್ಲವಾ?"

ತೆಗೆದಿರಲಿಲ್ಲ. ಗ್ರೂಪಿಗೆ ಕಳಿಸುವ ಅವಸರದಲ್ಲಿದ್ದೆ.